ಬದಲು: ಯಾವುದರ ಬದಲು?

ಕನ್ನಡದಲ್ಲಿ ಸೇರಿಕೊಂಡಿರುವ ಅರಬ್ಬಿ, ಪಾರಸಿ ಪದಗಳನ್ನು ತೆಗೆದು ಅವುಗಳ ಬದಲು ಬೇರೆ ಪದಗಳನ್ನು ಬಳಸಬೇಕು ಎಂಬ ಮಾತು ನಮ್ಮ ನಾಡಿನಲ್ಲಿ ಆಗಾಗ ಕೇಳಿಬರುತ್ತದೆ. ಹೀಗೆ ಹೇಳುವ ಎಲ್ಲರ ಭಾಷಾಪ್ರೇಮವನ್ನೂ ನಾವು ಸಂಶಯಿಸಬೇಕಾಗಿಲ್ಲ. ಆದರೆ ಆ ವಾಕ್ಯದ ನಡುವೆಯೇ ಕುಳಿತಿರುವ ಒಂದು ಪದವನ್ನು ಅವರು ಗಮನಿಸಿದಂತಿಲ್ಲ. ‘ಬದಲು’ ಎಂಬುದೇ ಅರಬ್ಬಿಯಿಂದ ಬಂದ ಪದ. ಬದಲು, ಬದಲಿ, ಬದಲಿಗೆ, ಬದಲಿಸು, ಬದಲಾಯಿಸು, ಬದಲಾವಣೆ, ಅದಲುಬದಲು ಇವೆಲ್ಲ ಆ ಒಂದೇ ಬೇರಿನ ಕೊಂಬೆಗಳು. ಅರಬ್ಬಿ ಪದವನ್ನು ಹೊರಗೆ ಕಳಿಸಲು ಅರಬ್ಬಿ ಪದವನ್ನೇ ನೆಚ್ಚಬೇಕಾಗಿ ಬಂದಿರುವುದನ್ನು ಕಂಡು ನಕ್ಕು ಸುಮ್ಮನಾಗಬಹುದು. ಆದರೆ ಈ ಪದ ಕನ್ನಡದಲ್ಲಿ ಯಾವ ಅರ್ಥ ಪಡೆಯಿತು, ಇಂದು ಅದರ ಹೆಸರಿನಲ್ಲಿ ಏನೆಲ್ಲ ನಡೆಯುತ್ತಿದೆ ಎಂಬುದನ್ನು ನೋಡಿದರೆ ನಗು ಅಲ್ಲಿಗೇ ನಿಲ್ಲುತ್ತದೆ.

ಅರಬ್ಬಿಯಲ್ಲಿ ಬ, ದ, ಲ ಎಂಬ ಮೂರು ವ್ಯಂಜನಗಳ ಧಾತುವಿಗೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವುದು ಎಂಬ ಅರ್ಥವಿದೆ. ‘ಬದಲ್’ ಎಂದರೆ ಹಾಗೆ ಇಟ್ಟ ವಸ್ತು. ಪಾರಸಿ ಮತ್ತು ಉರ್ದುವಿನ ಮೂಲಕ, ಆಡಳಿತ ಮತ್ತು ವ್ಯಾಪಾರದ ದಾರಿಯಲ್ಲಿ ಅದು ಕನ್ನಡಕ್ಕೆ ಬಂತು. ಅರ್ಜಿ, ವಕೀಲ, ಜಾಮೀನು, ಜಮೀನು, ದಾಖಲೆ, ಹಾಜರಿ, ಬಾಕಿ, ವಸೂಲಿ, ತಾಲ್ಲೂಕು, ಜಿಲ್ಲೆ ಇವೂ ಬಂದದ್ದು ಅದೇ ದಾರಿಯಲ್ಲಿ. ಅಧಿಕಾರ ಕಳೆದುಕೊಂಡ ಸಚಿವರು ‘ಮಾಜಿ’, ಅಧಿಕಾರದಲ್ಲಿರುವವರು ‘ಹಾಲಿ’. ಎರಡೂ ಅರಬ್ಬಿ ಮೂಲದವೇ. ಹೀಗೆ ಬಂದ ಮಾತುಗಳಿಗೆಂದೇ ಜಿ. ವೆಂಕಟಸುಬ್ಬಯ್ಯನವರು ‘ಎರವಲು ಪದಕೋಶ’ ರಚಿಸಿದರು. ‘ಎರವಲು’ ಎಂಬ ಮಾತು ಮಾತ್ರ ಇಲ್ಲಿ ಅಷ್ಟು ಹೊಂದುವುದಿಲ್ಲ. ಎರವಲು ತಂದದ್ದನ್ನು ಒಂದು ದಿನ ಹಿಂದಿರುಗಿಸಬೇಕು. ಬದಲು ಎಂಬ ಪದವನ್ನು ಯಾರಿಗೆ ಹಿಂದಿರುಗಿಸುವುದು?

ಹಿಂದಿರುಗಿಸಲು ಸಾಧ್ಯವಾಗದ್ದಕ್ಕೆ ಕಾರಣವೂ ಇದೆ. ‘ವಕೀಲ’, ‘ಜಮೀನು’ ಮೊದಲಾದವು ವಸ್ತುಗಳ, ವ್ಯಕ್ತಿಗಳ ಹೆಸರುಗಳು. ಅಂಥ ಹೆಸರಿಗೆ ಇನ್ನೊಂದು ಹೆಸರು ಹುಡುಕಬಹುದು. ಬದಲು ಹಾಗಲ್ಲ. ಅದು ಕನ್ನಡದ ವ್ಯಾಕರಣದೊಳಕ್ಕೇ ಇಳಿದಿದೆ. ‘ಕಾಫಿಯ ಬದಲು ಟೀ’, ‘ಬೈಯುವ ಬದಲು ಬುದ್ಧಿ ಹೇಳಿ’ ಎನ್ನುವಾಗ ಅದು ನಾಮಪದವಾಗಿ ಉಳಿಯದೆ ಎರಡು ಮಾತುಗಳನ್ನು ಕೂಡಿಸುವ ಕೊಂಡಿಯಾಗುತ್ತದೆ. ಪರಭಾಷೆಯಿಂದ ಹೆಸರುಗಳನ್ನು ತರುವುದು ಸುಲಭ, ಕೊಂಡಿಗಳನ್ನು ತರುವುದು ಅಪರೂಪ. ಒಂದು ಪದ ಕೊಂಡಿಯಾಗಬೇಕಾದರೆ ಎರಡು ಭಾಷೆಯ ಜನ ಬಹುಕಾಲ ಒಂದೇ ಸಂತೆಯಲ್ಲಿ ಚೌಕಾಸಿ ಮಾಡಿರಬೇಕು, ಒಂದೇ ಬಾವಿಯಲ್ಲಿ ನೀರು ಸೇದಿರಬೇಕು.

ಹಾಗಾದರೆ ಕನ್ನಡಕ್ಕೆ ತನ್ನದೇ ಪದ ಇರಲಿಲ್ಲವೇ? ಇತ್ತು. ದ್ರಾವಿಡ ಭಾಷೆಗಳ ‘ಮಾಱು’ ಎಂಬ ಧಾತುವಿಗೆ ಬದಲಾಗು, ವಿನಿಮಯವಾಗು ಎಂಬ ಅರ್ಥವಿದೆ. ತಮಿಳರು ಇಂದಿಗೂ ಅದನ್ನು ಹಾಗೆಯೇ ಬಳಸುತ್ತಾರೆ. ನಮ್ಮಲ್ಲಿ ಅದರ ಗುರುತು ಮಾರ್ಪಾಡು, ಮಾರ್ನುಡಿ, ಮಾರುತ್ತರ, ಮಾರುವೇಷಗಳಲ್ಲಿ ಉಳಿದಿದೆ. ಆದರೆ ಬರಿಯ ‘ಮಾರು’ ಎಂದರೆ ಇಂದು ದುಡ್ಡಿಗೆ ಕೊಡುವುದು ಎಂದಷ್ಟೇ ಅರ್ಥ. ವಿನಿಮಯದ ಪದ ಅಂಗಡಿಗೆ ಹೋಗಿ ಕುಳಿತ ಮೇಲೆ ದಿನನಿತ್ಯದ ಮಾತಿನಲ್ಲಿ ಅದರ ಹಳೆಯ ಕೆಲಸವನ್ನು ಬದಲು ವಹಿಸಿಕೊಂಡಿತು. ಯಾರನ್ನೂ ತಳ್ಳಿ ಬಂದದ್ದಲ್ಲ. ಭಾಷಾಶುದ್ಧಿಯ ಮಾತಿಗೆ ಬಂದರೆ, ಹದಿಮೂರನೆಯ ಶತಮಾನದ ಆಂಡಯ್ಯ ಸಂಸ್ಕೃತದ ತತ್ಸಮ ಪದಗಳನ್ನು ದೂರವಿಟ್ಟು ‘ಕಬ್ಬಿಗರ ಕಾವ’ ಬರೆದ. ಯಾವ ಪದ ಒಳಗಿನದು, ಯಾವುದು ಹೊರಗಿನದು ಎಂಬ ಗೆರೆ ಕಾಲಕಾಲಕ್ಕೆ ಜಾಗ ಬದಲಿಸುತ್ತ ಬಂದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಉರ್ದು ಶಾಲೆಯಲ್ಲಿಯೂ ಕನ್ನಡ ಶಾಲೆಯಲ್ಲಿಯೂ ಕಲಿತ ನಮ್ಮಂಥವರಿಗೆ ಈ ಪದದ ಇನ್ನೊಂದು ಮುಖದ ಪರಿಚಯವಿದೆ. ಉರ್ದುವಿನಲ್ಲಿ ‘ಬದಲ್ನಾ’ ಎಂದರೆ ಬದಲಾಗುವುದು, ‘ತಬಾದಲಾ’ ಎಂದರೆ ನೌಕರರ ವರ್ಗಾವಣೆ. ‘ಬದಲಾ’ ಎಂದರೆ ಪ್ರತಿಫಲ. ಒಳ್ಳೆಯದಕ್ಕೂ ಬದಲಾ ಉಂಟು, ಕೆಟ್ಟದ್ದಕ್ಕೂ ಉಂಟು. ಆದರೆ ಸಿನೆಮಾಗಳ ಕೃಪೆಯಿಂದ ಜನರ ಕಿವಿಯಲ್ಲಿ ಉಳಿದಿರುವುದು ಕೆಟ್ಟದ್ದರ ಬದಲಾ, ಅಂದರೆ ಸೇಡು. ಇದೇ ಪದ ತಮಿಳಿಗೆ ಹೋಗಿ ‘ಬದಿಲ್’ ಆಯಿತು. ಅಲ್ಲಿ ಅದಕ್ಕೆ ಉತ್ತರ ಎಂದರ್ಥ. ತೆಲುಗಿನ ‘ಬದುಲು’ ಉತ್ತರವೂ ಹೌದು, ಕೈಗಡಕ್ಕೆ ಅವರು ‘ಚೇಬದುಲು’ ಎನ್ನುತ್ತಾರೆ. ಮಲಯಾಳದಲ್ಲಿ ‘ಬದಲ್’ ಎಂದರೆ ಪರ್ಯಾಯ. ಕನ್ನಡವಾದರೋ ಪದದ ಮೂಲ ಅರ್ಥವನ್ನೇ ಹಿಡಿದುಕೊಂಡಿತು, ಸೇಡಿನ ಅರ್ಥವನ್ನು ಹೊಸಿಲ ಆಚೆಯೇ ಬಿಟ್ಟಿತು. ಸೇಡಿಗೆ ನಮ್ಮಲ್ಲಿ ಸೇಡು, ಹಗೆ, ಮುಯ್ಯಿ ಎಂಬ ಬೇರೆ ಪದಗಳಿವೆ. ‘ನಿನಗೆ ಬದಲು ಮಾಡುತ್ತೇನೆ’ ಎಂದು ಹೇಳಿ ಕನ್ನಡದಲ್ಲಿ ಯಾರನ್ನೂ ಹೆದರಿಸಲಾಗದು. ಕನ್ನಡ ಮಾಡಿದ ಈ ಆಯ್ಕೆಗೆ ನಾವು ಕೃತಜ್ಞರಾಗಿರಬೇಕು.

ಈ ಪದಕ್ಕೆ ಕನ್ನಡದ ವಾಕ್ಯದಲ್ಲಿ ಒಂದು ನಿಯಮವೂ ಇದೆ. ಬದಲು ಎಂದ ಕೂಡಲೇ ಕೇಳುವವನು ‘ಯಾವುದರ ಬದಲು?’ ಎನ್ನುತ್ತಾನೆ. ತೆರವಾದದ್ದರ ಹೆಸರು ಷಷ್ಠೀ ವಿಭಕ್ತಿಯಲ್ಲಿ ಮೊದಲು ಬರಬೇಕು, ಬಂದದ್ದರ ಹೆಸರು ಆಮೇಲೆ. ಬಾಯಿಬಿಟ್ಟು ಹೇಳದಿದ್ದರೂ ಅದು ಕೇಳುವವನ ಮನಸ್ಸಿನಲ್ಲಿ ಇರಲೇಬೇಕು. ಅಳಿಸು, ಕಿತ್ತುಹಾಕು ಎಂಬ ಕ್ರಿಯೆಗಳಿಗೆ ಈ ಜವಾಬ್ದಾರಿಯಿಲ್ಲ. ಅವು ಹಿಂದಿದ್ದದ್ದನ್ನು ಮರೆಸಿಯೂ ನಡೆಯಬಲ್ಲವು. ಒಂದು ಬದಲಾವಣೆ ನಿಜವಾದ ಬದಲೋ ಅಥವಾ ಬದಲಿನ ವೇಷ ತೊಟ್ಟ ಅಳಿಸುವಿಕೆಯೋ ಎಂದು ಪರೀಕ್ಷಿಸಲು ಈ ವ್ಯಾಕರಣ ಒಂದು ಒಳ್ಳೆಯ ಒರೆಗಲ್ಲು.

ಈ ನಿಯಮ ದಿನನಿತ್ಯದ ಬದುಕಿನಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ನೋಡಲು ಪಶ್ಚಿಮ ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ, ಹೇರೋಹಳ್ಳಿ ದಾಟಿ ಬ್ಯಾಡರಹಳ್ಳಿಯವರೆಗೆ ಹೋದರೆ ಸಾಕು. ಆ ಊರಿನ ಹೆಸರೇ ಒಂದು ಪಾಠ. ಬಿಡಿಸಿ ಓದಿದರೆ ಬೇಡರ ಹಳ್ಳಿ. ‘ಬೇಡ’ವನ್ನು ‘ಬ್ಯಾಡ’ ಎನ್ನುವ ಹಳೆಯ ಮೈಸೂರಿನ ನಾಲಿಗೆ ‘ಬೇ’ಯ ಬದಲು ‘ಬ್ಯಾ’ ತಂದಿತು. ಆ ಉಚ್ಚಾರಣೆಯೇ ಬೋರ್ಡುಗಳ ಮೇಲೂ ಕುಳಿತಿತು. ಇದಕ್ಕಾಗಿ ಯಾವ ಸಮಿತಿಯೂ ಸಭೆ ಸೇರಬೇಕಾಗಲಿಲ್ಲ. ಹಳೆಯ ರೂಪವೂ ಸಾಯಲಿಲ್ಲ. ‘ಬ್ಯಾಡ’ ಎಂದವರಿಗೆ ‘ಬೇಡ’ ಎಂದರೂ ಅರ್ಥವಾಗುತ್ತದೆ.

ಅಂಥ ರಸ್ತೆಗಳ ದ್ವಿಚಕ್ರ ವಾಹನದ ಗ್ಯಾರೇಜುಗಳಲ್ಲಿ ದಖನಿ ಉರ್ದು ಮಾತನಾಡುವ ಮೆಕ್ಯಾನಿಕ್ಕನೂ ಕನ್ನಡದ ಗಿರಾಕಿಯೂ ಎದುರುಬದುರಾದಾಗ ಇಬ್ಬರಿಗೂ ತಿಳಿಯುವ ಪದಗಳಲ್ಲಿ ಇದೊಂದು. ‘ಕ್ಲಚ್ ಪ್ಲೇಟ್ ಹೋಗೈತೆ ಸಾರ್, ಬದ್ಲಾಯ್ಸ್‌ಬೇಕು’ ಎಂದು ಅವನು ಇವರಿಗೆ ಹೇಳುತ್ತಾನೆ. ‘ಪ್ಲೇಟ್ ಬದಲ್ ದೇ’ ಎಂದು ತನ್ನ ಹುಡುಗನಿಗೆ ಹೇಳುತ್ತಾನೆ. ಎರಡು ಭಾಷೆ, ಒಂದೇ ಪದ. ಅಲ್ಲಿಯ ಒಂದು ಪದ್ಧತಿಯನ್ನೂ ಗಮನಿಸಬೇಕು. ಹೊಸ ಭಾಗ ಹಾಕಿದ ಮೇಲೆ ತಿಳಿದ ಗಿರಾಕಿ ‘ಹಳೇದು ಎಲ್ಲಪ್ಪಾ?’ ಎಂದು ಕೇಳುತ್ತಾನೆ. ನಿಯತ್ತಿನ ಮೆಕ್ಯಾನಿಕ್ ಎಣ್ಣೆ ಹಿಡಿದ ಹಳೆಯ ಭಾಗವನ್ನು ಅವನ ಕೈಗೆ ಕೊಟ್ಟು ಎಲ್ಲಿ ಸವೆದಿದೆ ಎಂದು ತೋರಿಸುತ್ತಾನೆ. ತೆಗೆದದ್ದನ್ನು ತೋರಿಸದವನು ಹಾಕಿದ್ದೇನೆಂದು ಹೇಳಿದರೂ ನಂಬಿಕೆ ಹುಟ್ಟುವುದಿಲ್ಲ.

ಇದೇ ಮಾಗಡಿ ರಸ್ತೆಯ ಇನ್ನೊಂದು ತುದಿ, ನಗರದ ಕಡೆಯದು, ಮಿಲ್ಲುಗಳ ಸೀಮೆಯಾಗಿತ್ತು. ಬಿನ್ನಿ ಮಿಲ್ಲು, ಮಿನರ್ವಾ ಮಿಲ್ಲುಗಳ ಹೆಸರು ಹಳಬರ ಬಾಯಲ್ಲಿ ಇನ್ನೂ ಇದೆ. ದೇಶದ ಬಟ್ಟೆ ಗಿರಣಿಗಳು ‘ಬದಲಿ’ ಎಂಬ ಪದಕ್ಕೆ ಮನುಷ್ಯರೂಪ ಕೊಟ್ಟವು. ಖಾಯಂ ಕಾರ್ಮಿಕ ಬಾರದ ದಿನ ಅವನ ಜಾಗದಲ್ಲಿ ನಿಲ್ಲುವವನು ಬದಲಿ ಕಾರ್ಮಿಕ. ಇಂಗ್ಲಿಷಿನಲ್ಲಿ ಬರೆದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯೂ ಈ ಪದವನ್ನು ಅನುವಾದಿಸಲು ಹೋಗದೆ ‘ಬದ್ಲಿ’ ಎಂದೇ ಇಟ್ಟುಕೊಂಡಿತು. ಹಾಜರಿ ಪುಸ್ತಕದಲ್ಲಿ ಹೆಸರಿರುವ ಇನ್ನೊಬ್ಬ ಕಾರ್ಮಿಕನ ಜಾಗದಲ್ಲಿ ದುಡಿಯುವವನು ಎಂದು ಅದಕ್ಕೆ ವಿವರಣೆ ಕೊಟ್ಟಿತು. ಅವನಿಗೆ ಲೇ-ಆಫ್ ಪರಿಹಾರದ ಹಕ್ಕಿಲ್ಲ ಎಂದು ಹೇಳಿದ ಆ ಕಾಯ್ದೆಯೇ, ಒಂದು ವರ್ಷ ಸತತವಾಗಿ ದುಡಿದರೆ ಅವನನ್ನು ಬದಲಿ ಎಂದು ಪರಿಗಣಿಸುವಂತಿಲ್ಲ ಎಂದೂ ಹೇಳಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ಕಾಯ್ದೆಯ ಜಾಗಕ್ಕೆ ಬಂದಿದೆ. ಕಾಯ್ದೆಯೇ ಬದಲಾದರೂ ‘ಬದ್ಲಿ’ ಎಂಬ ಪದ ಉಳಿದುಕೊಂಡಿದೆ. ಮನುಷ್ಯನನ್ನು ಎಂದೆಂದಿಗೂ ಇನ್ನೊಬ್ಬನ ಬದಲಿಯಾಗಿ ಇಟ್ಟುಕೊಳ್ಳುವುದು ಅನ್ಯಾಯ ಎಂಬ ಒಂದು ಅರಿವು ಆ ಒಂದು ವರ್ಷದ ಮಾತಿನಲ್ಲಿದೆ.

ಇನ್ನು ಹೆಸರುಗಳ ಬದಲಾವಣೆಗೆ ಬರೋಣ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಅದು ಹರಿದು ಹಂಚಿಹೋಗಿದ್ದ ನಾಡಿನ ಎಲ್ಲರನ್ನೂ ಒಳಗೊಳ್ಳುವ ಹೆಸರು. 2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಹೆಸರುಗಳನ್ನು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರಕ್ಕೆ ತಕ್ಕಂತೆ ಬರೆಯುವ ಕ್ರಮ ಬಂತು. ಬೆಂಗಳೂರು, ಮೈಸೂರು, ಕಲಬುರಗಿಗಳ ಬಗ್ಗೆ ಕನ್ನಡಿಗರಾದ ನಮಗೆ ತಕರಾರಿಲ್ಲ. ಬಿಜಾಪುರ ವಿಜಯಪುರವಾದದ್ದು ಮಾತ್ರ ಉಚ್ಚಾರದ ವಿಷಯವಾಗಿರಲಿಲ್ಲ. ಜನರ ನಾಲಿಗೆ ಸವೆಸಿ ಮಾಡಿಕೊಂಡ ರೂಪವನ್ನು ಬಿಟ್ಟು ಅದರ ಹಿಂದಿನದಕ್ಕೆ ಹೋದದ್ದು. 2019ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಬಸವಣ್ಣನವರ ಕಲ್ಯಾಣವನ್ನು ನೆನಪಿಸುವ ಹೆಸರನ್ನು ಯಾರು ತಾನೇ ಬೇಡವೆಂದಾರು? ಆದರೂ ಆ ಪ್ರದೇಶಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಹಳೆಯ ಹೆಸರನ್ನೇ ಹೇಳುತ್ತದೆ. ಎರಡೂ ಹೆಸರು ಗೊತ್ತಿದ್ದವರಿಗೆ ಮಾತ್ರ ಆ ನಾಡಿನ ಕಥೆ ಪೂರ್ತಿ ತಿಳಿಯುತ್ತದೆ.

2022ರಲ್ಲಿ ನಡೆದ ಎರಡು ಬದಲಾವಣೆಗಳ ಸ್ವರ ಬೇರೆ. ಆ ಅಕ್ಟೋಬರಿನಲ್ಲಿ ಬೆಂಗಳೂರು-ಮೈಸೂರು ನಡುವಿನ ಟಿಪ್ಪು ಎಕ್ಸ್‌ಪ್ರೆಸ್ ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ಡಿಸೆಂಬರಿನಲ್ಲಿ ಮೇಲುಕೋಟೆ ಸೇರಿದಂತೆ ಕೆಲವು ದೇವಾಲಯಗಳ ‘ಸಲಾಂ ಆರತಿ’ಯನ್ನು ‘ಆರತಿ ನಮಸ್ಕಾರ’ವೆಂದು ಕರೆಯುವ ತೀರ್ಮಾನ ಹೊರಬಿತ್ತು. ಮೈಸೂರಿನ ಒಡೆಯರು ನಾಡಿಗೆ ಮಾಡಿದ ಉಪಕಾರ ದೊಡ್ಡದು. ಅವರ ಹೆಸರಿನಲ್ಲಿ ಹೊಸ ರೈಲೊಂದನ್ನು ಓಡಿಸಿದ್ದರೆ ನಾವೂ ಸಂತೋಷಪಡುತ್ತಿದ್ದೆವು. ಇನ್ನೊಬ್ಬರ ಹೆಸರನ್ನು ಇಳಿಸಿ ಆ ಜಾಗದಲ್ಲಿ ಕೂರಿಸುವುದು ಒಡೆಯರಿಗೂ ಗೌರವವಲ್ಲ. ‘ಸಲಾಂ’ ಪದವನ್ನು ತೆಗೆದದ್ದು ‘ಮುಜರಾಯಿ ಇಲಾಖೆ’. ಮುಜರಾಯಿಯೂ ಅರಬ್ಬಿ-ಪಾರಸಿಯ ದಾರಿಯಲ್ಲಿ ಬಂದದ್ದು, ಇಲಾಖೆಯೂ ಹಾಗೆಯೇ. ಮಂಗಳಾರತಿಯ ಪಕ್ಕದಲ್ಲಿ ಒಂದು ಅರಬ್ಬಿ ಪದ ತಲೆತಲಾಂತರಗಳ ಕಾಲ ಯಾರಿಗೂ ಮೈಲಿಗೆಯಾಗದೆ ಕುಳಿತಿತ್ತು ಎಂಬುದು ಈ ನಾಡು ಹೆಮ್ಮೆಪಡಬೇಕಾದ ದಾಖಲೆಯಾಗಿತ್ತು. ಈ ಎರಡು ಕಡೆ ‘ಬದಲು’ ಎಂಬ ಕನ್ನಡ ಪದದೊಳಕ್ಕೆ ಉರ್ದುವಿನ ‘ಬದಲಾ’ ಹಿಂಬಾಗಿಲಿನಿಂದ ನುಸುಳಿದೆ. ಕನ್ನಡ ಹೊಸಿಲ ಆಚೆ ಬಿಟ್ಟು ಬಂದಿದ್ದ ಸೇಡನ್ನು ಒಳಗೆ ಕರೆತಂದವರು ಅರಬ್ಬಿ ಪದಗಳನ್ನು ದ್ವೇಷಿಸುವವರೇ ಎಂಬುದು ಇತಿಹಾಸದ ಅಣಕ.

ಹೆಸರು ಬದಲಿಸುವ ಹಂಬಲ ಒಂದೇ ಧರ್ಮದ ಆಳುವವರದ್ದಲ್ಲ ಎಂಬುದನ್ನೂ ನಾವು ಒಪ್ಪಬೇಕು. ಟಿಪ್ಪು ಸುಲ್ತಾನ ದೇವನಹಳ್ಳಿಯನ್ನು ಯೂಸುಫಾಬಾದ್ ಎಂದ, ಮಡಿಕೇರಿಯನ್ನು ಜಫರಾಬಾದ್ ಎಂದ. ಜನ ಆ ಹೆಸರುಗಳನ್ನು ಒಪ್ಪಲಿಲ್ಲ. ಇಂದು ಅವು ಪುಸ್ತಕಗಳಲ್ಲಿ ಮಾತ್ರ ಇವೆ. ಮೈಸೂರಿನ ನಜರಬಾದ್ ಮಾತ್ರ ಒಂದು ಬಡಾವಣೆಯ ಹೆಸರಾಗಿ ಉಳಿಯಿತು. ಅದನ್ನು ಉಳಿಸಿದ್ದು ಕೂಡ ಫರ್ಮಾನು ಅಲ್ಲ, ಅಲ್ಲಿ ವಾಸಿಸುವ ಎಲ್ಲ ಜಾತಿಯ ಜನರ ಬಾಯಿ. ಆಜ್ಞೆಯಿಂದ ಬಂದ ಹೆಸರು ಉಳಿಯಬೇಕೇ ಬೇಡವೇ ಎಂಬುದನ್ನು ಬಸ್ಸಿನಲ್ಲಿ ಟಿಕೆಟು ಕೇಳುವವರೇ ತೀರ್ಮಾನಿಸುತ್ತಾರೆ. ಮಾಗಡಿ ರಸ್ತೆ ಹೋಗಿ ಮುಟ್ಟುವ ಮಾಗಡಿ ತಾಲ್ಲೂಕು ಇರುವ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಒಂದು ಕಾಲಕ್ಕೆ ಕ್ಲೋಸ್‌ಪೇಟೆಯಾಗಿದ್ದ ರಾಮನಗರ ಪಟ್ಟಣಕ್ಕೆ ಇದೇನೂ ಹೊಸ ಅನುಭವವಲ್ಲ.

ಸರ್ಕಾರಗಳನ್ನು ಪ್ರಶ್ನಿಸಿದಷ್ಟೇ ನಿಷ್ಠುರವಾಗಿ ನಮ್ಮ ಮನೆಯನ್ನೂ ನೋಡಿಕೊಳ್ಳದಿದ್ದರೆ ಈ ಮಾತಿಗೆ ಬೆಲೆಯಿಲ್ಲ. ನಮ್ಮ ಧಾರ್ಮಿಕ ಬದುಕಿನಲ್ಲಿ ಬದಲ್ ಎಂಬುದಕ್ಕೆ ಒಂದು ಸುಂದರವಾದ ಬಳಕೆಯಿದೆ. ಹಜ್‌ಗೆ ಹೋಗಲಾಗದೆ ತೀರಿಕೊಂಡವರ ಅಥವಾ ಗುಣವಾಗದ ಕಾಯಿಲೆಯಿಂದ ಮಲಗಿರುವವರ ಪರವಾಗಿ ಇನ್ನೊಬ್ಬರು ಮಾಡುವ ಯಾತ್ರೆ ‘ಹಜ್-ಎ-ಬದಲ್’. ಹೋದವನು ತನ್ನ ಹೆಸರನ್ನು ಬದಿಗಿಟ್ಟು, ಬರಲಾಗದವರ ಹೆಸರಿನಲ್ಲಿ ನಿಯ್ಯತ್ ಮಾಡುತ್ತಾನೆ. ಯಾರ ಬದಲು ಎಂಬುದನ್ನು ಮರೆತರೆ ಆ ಯಾತ್ರೆಗೆ ಅರ್ಥವೇ ಇಲ್ಲ. ಇದೇ ಪದ ನಮ್ಮ ಕೌಟುಂಬಿಕ ಕಾನೂನಿನಲ್ಲಿಯೂ ಇದೆ. ಹೆಂಡತಿ ಖುಲಾ ಕೇಳಿದಾಗ ಬಿಡುಗಡೆಗೆ ಪ್ರತಿಯಾಗಿ ಗಂಡನಿಗೆ ಕೊಡುವುದು ‘ಬದಲ್-ಎ-ಖುಲಾ’. ಎಷ್ಟೋ ಸಲ ಅದು ಅವಳ ಮೆಹರ್ ಆಗಿರುತ್ತದೆ. ಸಹಿಸಲಾಗದ ಮನೆಯಿಂದ ಹೊರಬರಲು ಹೆಣ್ಣು ಬದಲು ಕೊಡಬೇಕು, ಅವಳನ್ನು ಹೊರಹಾಕುವ ಗಂಡು ಎಷ್ಟೋ ಕಡೆ ಕೊಡಬೇಕಾದ್ದನ್ನೂ ಕೊಡುವುದಿಲ್ಲ. ಇದನ್ನು ಜಮಾಅತ್‌ಗಳಲ್ಲಿ ಕೂರುವವರು ಯೋಚಿಸಬೇಕು.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಈ ಪದವನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತೆ ಓದಬೇಕು. ತಂದೆಯ ಹಟಕ್ಕೆ ಸಿಕ್ಕಿ ತಲಾಕ್ ಆದ ನಾದಿರಾ ತಾನು ಪ್ರೀತಿಸುವ ಗಂಡನನ್ನೇ ಮತ್ತೆ ಸೇರಬೇಕಾದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಿ ಅವನಿಂದ ಬಿಡುಗಡೆ ಪಡೆಯಬೇಕು. ಒಂದು ರಾತ್ರಿಗೆ ಒಬ್ಬ ಬದಲಿ ಗಂಡ. ಹೀಗೆ ಮೊದಲೇ ಗೊತ್ತುಮಾಡಿಕೊಂಡು ನಡೆಸುವ ಹಲಾಲಾವನ್ನು ಧರ್ಮಶಾಸ್ತ್ರ ಬಲ್ಲವರೇ ಖಂಡಿಸಿದ್ದಾರೆ. ಆದರೂ ಅವಳ ಸುತ್ತ ಇದ್ದ ಗಂಡಸರಿಗೆ ಅದು ಸರಿಹೊಂದಿಸಬಹುದಾದ ಒಂದು ಲೆಕ್ಕವಾಗಿ ಕಂಡಿತು. ನಾದಿರಾ ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ. ತನ್ನ ದೇಹ ಇನ್ನೊಬ್ಬರ ತಪ್ಪಿಗೆ ಬದಲಾಗಿ ಸಲ್ಲುವ ನಾಣ್ಯವಲ್ಲ ಎಂಬುದನ್ನು ಹೇಳಲು ಅವಳಿಗೆ ಉಳಿದಿದ್ದ ಮಾತು ಅದೊಂದೇ. ಕಾದಂಬರಿ ಬಂದಾಗ ಲೇಖಕಿಯನ್ನು ಬೈದವರು ಈ ಪ್ರಶ್ನೆಗೆ ಉತ್ತರ ಕೊಡಲಿಲ್ಲ.

ಬಾನು ಮುಷ್ತಾಕ್ ಅವರ ಶಾಯಿಸ್ತಾಳ ಕಥೆಯಲ್ಲಿ ಗಂಡ ಹೆಂಡತಿಗೆ ಮಹಲು ಕಟ್ಟಿಸುವ ಮಾತನಾಡುತ್ತಾನೆ. ಹೆರಿಗೆಯ ನಂತರ ಅವಳು ಸಾಯುತ್ತಾಳೆ. ಬೇಗನೆ ಮನೆಗೆ ಹೊಸ ಹೆಂಡತಿ ಬರುತ್ತಾಳೆ. ವಿಮರ್ಶಕರು ಗಂಡಿನ ಆಷಾಢಭೂತಿತನವನ್ನು ಗುರುತಿಸಿದ್ದಾರೆ, ಸರಿ. ಆದರೆ ಆ ಕಥೆಯಲ್ಲಿ ಬದಲಿಗಳು ಇಬ್ಬರು. ಹೆಂಡತಿಯ ಬದಲು ಬಂದ ಹುಡುಗಿ ಒಬ್ಬಳು, ಓದು ಬಿಟ್ಟು ತಮ್ಮ ತಂಗಿಯರಿಗೆ ತಾಯಿಯ ಬದಲಾಗಿ ನಿಂತ ಹಿರಿಯ ಮಗಳು ಇನ್ನೊಬ್ಬಳು. ಗಂಡಿಗೆ ಹೆಂಡತಿಯ ಬದಲು ಸಿಕ್ಕಿತು, ಮಗಳಿಗೆ ಅವಳ ಬಾಲ್ಯದ ಬದಲು ಏನು ಸಿಕ್ಕಿತು? ನಮ್ಮ ಮನೆಗಳಲ್ಲಿ ಮಾತ್ರವಲ್ಲ, ಎಲ್ಲ ಜಾತಿಯವರ ಮನೆಗಳಲ್ಲಿಯೂ ಇಂಥ ಹಿರಿಯ ಮಗಳಂದಿರಿದ್ದಾರೆ. ಕಾರ್ಖಾನೆಯ ಬದಲಿಗೆ ಕಾನೂನು ಒಂದು ವರ್ಷದ ಮಿತಿ ಹಾಕಿತು, ಇವರಿಗೆ ಅಂಥ ಮಿತಿಯೂ ಇಲ್ಲ.

ಈ ಕಥೆಯಿರುವ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಅನುವಾದಕಿ ದೀಪಾ ಭಾಸ್ತಿಯವರ ಕ್ರಮವೂ ಚರ್ಚೆಯಾಯಿತು. ಕಥೆಗಳಲ್ಲಿ ಬರುವ ಕನ್ನಡ, ಉರ್ದು, ಅರಬ್ಬಿ ಪದಗಳಲ್ಲಿ ಅನೇಕವನ್ನು ಅವರು ಇಂಗ್ಲಿಷಿನಲ್ಲಿ ಹಾಗೆಯೇ ಉಳಿಸಿದರು. ಓರೆ ಅಕ್ಷರಗಳಲ್ಲಿ ಅಚ್ಚುಮಾಡಿ ಇವು ಪರಕೀಯ ಎಂದು ಬೊಟ್ಟುಮಾಡಲಿಲ್ಲ, ಅಡಿಟಿಪ್ಪಣಿಯನ್ನೂ ಹಾಕಲಿಲ್ಲ. ಅನುವಾದ ಎಂದರೆ ಒಂದು ಪದದ ಬದಲು ಇನ್ನೊಂದು ಪದ ಎಂದು ತಿಳಿಯುವುದು ರೂಢಿ. ಯಾವ ಪದಕ್ಕೆ ಬದಲು ಸಿಗುವುದಿಲ್ಲ ಎಂದು ಗೊತ್ತಿರುವುದೇ ಒಳ್ಳೆಯ ಅನುವಾದದ ಮೊದಲ ಅರ್ಹತೆ ಎಂದು ಅವರ ಕೆಲಸ ತೋರಿಸಿತು. ಇಂಗ್ಲಿಷಿಗೆ ಭಾರವಾಗದ ಆ ಪದಗಳು ಕನ್ನಡಕ್ಕೇ ಭಾರವಾದಾವೆ?

ಬದಲಾವಣೆಯನ್ನು ನಾವು ವಿರೋಧಿಸುವುದಿಲ್ಲ. ಸವೆದದ್ದನ್ನು ಬದಲಿಸಬೇಕು, ಕೆಟ್ಟದ್ದನ್ನು ಮೊದಲು ಬದಲಿಸಬೇಕು. ನಮ್ಮ ಸಮಾಜದಲ್ಲಿ ಅಂಥವು ಬೇಕಾದಷ್ಟಿವೆ. ನಾವು ಕೇಳುವುದು ಇಷ್ಟೇ. ಬದಲಿಸುವವರು, ಸರ್ಕಾರವಿರಲಿ ಜಮಾಅತ್ ಇರಲಿ, ಗ್ಯಾರೇಜಿನವನಷ್ಟಾದರೂ ನಿಯತ್ತಿನಿಂದ ತೆಗೆದದ್ದೇನು, ಅದು ಎಲ್ಲಿ ಸವೆದಿತ್ತು ಎಂದು ಜನರ ಮುಂದೆ ಇಟ್ಟು ತೋರಿಸಲಿ. ತೋರಿಸಲಾಗದಿದ್ದರೆ ಆ ಕೆಲಸಕ್ಕೆ ಕನ್ನಡದಲ್ಲಿ ಬೇರೆ ಕ್ರಿಯಾಪದಗಳಿವೆ, ಅವನ್ನೇ ಬಳಸಲಿ. ಬದಲು ಎಂಬ ಪದವನ್ನು ಅದಕ್ಕೆ ಬಳಸುವುದು ಬೇಡ.